ರದ್ದುಗುಂಡಿ ಒತ್ತಿದ್ದು ನಾನೇ

ಮಾನ್ಯ ಸಾರಿಗೆ ಅಧಿಕಾರಿಗಳೇ,

ಬಾಡಿಗೆ ಕಾರಿನ ಆ್ಯಪ್‌ಗಳಲ್ಲಿ ಗಾಲಿಕುರ್ಚಿಯವರಿಗೆಂದು ಹೋದ ವರ್ಷ ನೀವು ಸೇರಿಸಿದ ಸೌಲಭ್ಯವನ್ನು ಈ ತಿಂಗಳ ಕೊನೆಗೆ ನಿಲ್ಲಿಸುತ್ತೀರಂತೆ. ಕಾರಣವನ್ನೂ ಕೊಟ್ಟಿದ್ದೀರಿ: 'ಕಾದಿರಿಸಿದ ಸವಾರಿಗಳಲ್ಲಿ ಬಹುಪಾಲನ್ನು ಪ್ರಯಾಣಿಕರೇ ಸ್ವಇಚ್ಛೆಯಿಂದ ರದ್ದುಪಡಿಸಿರುವುದರಿಂದ ಬೇಡಿಕೆ ಇಲ್ಲವೆಂದು ತೀರ್ಮಾನಿಸಲಾಗಿದೆ.' ಮೂರು ಸಲ ಓದಿದೆ. ಮೊದಲ ಸಲ ನಗು ಬಂತು, ಆಮೇಲೆ ಮೈ ಉರಿಯಿತು. ಏಕೆಂದರೆ ಹಾಗೆ ಸ್ವಇಚ್ಛೆಯಿಂದ ರದ್ದುಪಡಿಸಿದ ಮಹನೀಯರಲ್ಲಿ ನಾನೂ ಒಬ್ಬಳು.

ನಾನು ಬ್ಯಾಂಕಾಕಿನ ಥೊನ್ಬುರಿ ಕಡೆಯ ಕಾಲುವೆ ಓಣಿಯವಳು. ರಾಮಾಯಣ ಆಡುವ ಖೋನ್ ಮುಖವಾಡದ ಕುಣಿತದವರಿಗೆ ಉಡುಪು ಹೊಲಿಯುವುದು ನನ್ನ ಕಸುಬು. ಆ ಜರಿಯ ಅಂಗಿ ತಲೆಯ ಮೇಲಿಂದ ಎಳೆದುಕೊಂಡು ತೊಡುವಂಥದ್ದಲ್ಲ. ಆಟಕ್ಕೆ ಮುಂಚೆ ಕಲಾವಿದನನ್ನು ಎದುರಿಗೆ ನಿಲ್ಲಿಸಿಕೊಂಡು ಅವನ ಮೈಮೇಲೆಯೇ ಹೊಲಿದು ಬಿಗಿಯಬೇಕು. ಮೂವತ್ತು ವರ್ಷದಿಂದ ರಾವಣನ ಪಾತ್ರದವರನ್ನೆಲ್ಲ ನಾನೇ ಹೊಲಿದು ರಂಗಕ್ಕೆ ಕಳಿಸಿದ್ದೇನೆ. ಆರು ವರ್ಷದ ಹಿಂದೆ ಬೆನ್ನುಹುರಿಯ ಕಾಯಿಲೆಯಿಂದ ಕಾಲು ಹೋಯಿತು, ಕೈ ಉಳಿಯಿತು. ಆ ಕೈಯನ್ನು ರಂಗಮಂದಿರಕ್ಕೆ ಮುಟ್ಟಿಸಲು ನನಗೊಂದು ಕಾರು ಬೇಕು, ಅಷ್ಟೇ.

ಈಗ 'ಸ್ವಇಚ್ಛೆ'ಯ ವಿಚಾರ. ಆ್ಯಪ್‌ನಲ್ಲಿ ಗಾಲಿಕುರ್ಚಿಯ ಗುರುತು ಒತ್ತಿದರೆ ಕಾರು ಸಿಗುತ್ತದೆ, ಸುಳ್ಳೇಕೆ ಹೇಳಲಿ? ಸಿಕ್ಕಿದ ಮರುಕ್ಷಣ ಚಾಲಕನ ಸಂದೇಶ ಬರುತ್ತದೆ.

"ಅಕ್ಕಾ, ನಮಸ್ಕಾರ. ಡಿಕ್ಕೀಲಿ ಕಾರು ಓಡೋ ಗ್ಯಾಸ್ ಸಿಲಿಂಡರ್ ಇದೆಯಲ್ಲ, ಕುರ್ಚಿ ಹಿಡಿಯಲ್ಲ ಅನ್ಸತ್ತೆ."

"ಮಡಚೋ ಕುರ್ಚಿ ಕಣಪ್ಪಾ. ಹಿಂದಿನ ಸೀಟಲ್ಲಿ ಇಟ್ಬಿಡೋಣ, ನಾನು ಮುಂದೆ ಕೂರ್ತೀನಿ."

ಆಮೇಲೆ, "ಅಯ್ಯೋ, ಗ್ಯಾಸೂ ಮುಗೀತಾ ಬಂದಿದೆ ಅಕ್ಕಾ. ತಪ್ಪು ತಿಳ್ಕೋಬೇಡಿ, ಸ್ವಲ್ಪ ನೀವೇ ಕ್ಯಾನ್ಸಲ್ ಮಾಡಿಬಿಡ್ತೀರಾ? ನಾನು ಮಾಡಿದ್ರೆ ನನ್ನ ಅಂಕ ಹೋಗತ್ತೆ." ಕೊನೆಗೆ ಕೈಮುಗಿದ ಚಿತ್ರ ಬೇರೆ.

ಕುರ್ಚಿಗೆ ಜಾಗ ಬಿಡದಷ್ಟು ದೊಡ್ಡ ಸಿಲಿಂಡರ್, ಒಳಗೆ ಗ್ಯಾಸ್ ಮಾತ್ರ ಇಲ್ಲ! ಗೊತ್ತಾಗುವುದಿಲ್ಲವೇ ನನಗೆ? ಆದರೂ ಏನು ಮಾಡುತ್ತೇನೆ ಹೇಳಿ? ಎದುರಿನವರಿಗೆ ತೊಂದರೆಯಾದೀತೆಂದು ನಮ್ಮ ತೊಂದರೆಯನ್ನು ನುಂಗಿಕೊಳ್ಳುವ ಜನ ನಾವು. ನಮ್ಮ ಕಾಲು ತುಳಿದವನ ಹತ್ತಿರ ನಾವೇ ಕ್ಷಮೆ ಕೇಳುತ್ತೇವೆ. "ಪರವಾಗಿಲ್ಲಪ್ಪಾ, ಹುಷಾರಾಗಿ ಹೋಗು" ಎಂದು ಬರೆದು, ನನ್ನ ಬೆರಳಿನಿಂದ ನನ್ನ ಸವಾರಿಯನ್ನು ನಾನೇ ರದ್ದುಮಾಡುತ್ತೇನೆ. ನಿಮ್ಮ ಕಡತಕ್ಕೆ ಕಾಣುವುದು ಆ ಬೆರಳು ಮಾತ್ರ.

ಮೊದಮೊದಲು ಚಾಲಕರ ಮೇಲಷ್ಟೇ ನನಗೆ ಅನುಮಾನವಿತ್ತು. ಈ ಸೇವೆಗೆ ಹೆಸರು ಕೊಟ್ಟು ಕಾರಿಗೆ ನೀಲಿ ಚೀಟಿ ಅಂಟಿಸಿಕೊಂಡವರಿಗೆ ವಿಮಾನ ನಿಲ್ದಾಣದ ಸರದಿಯಲ್ಲಿ ಮೊದಲ ಜಾಗ ಕೊಟ್ಟವರು ನೀವು. ಕೊಡುವ ಮುಂಚೆ ಯಾರಾದರೂ ಒಬ್ಬರು ಡಿಕ್ಕಿ ತೆರೆದು ನೋಡಿದರೇ? ಈಗ ಅನುಮಾನ ನಿಮ್ಮ ಮಹಡಿಯವರೆಗೂ ಹತ್ತಿದೆ. ಕಾರು ಬೇಕೆಂದು ಕೇಳಿದ ಗಾಲಿಕುರ್ಚಿಯವರು ಐದೇ ನಿಮಿಷದಲ್ಲಿ ಸಾಲುಸಾಲಾಗಿ ಬೇಡವೆನ್ನುತ್ತಿದ್ದರೆ, ನಿಮ್ಮಲ್ಲಿ ಒಬ್ಬರಿಗೂ 'ಇದೇನಪ್ಪಾ' ಅನಿಸಲಿಲ್ಲವೇ? ಸಂದೇಶಗಳೆಲ್ಲ ಆ್ಯಪ್‌ನಲ್ಲೇ ಬಿದ್ದಿವೆ. ಓದಲಿಲ್ಲವೋ, ಓದಿಯೂ ಸುಮ್ಮನಾದಿರೋ? ಬೇಡಿಕೆ ಇಲ್ಲ ಎಂಬ ಉತ್ತರ ಮೊದಲೇ ಬೇಕಿತ್ತೇನೋ ಎಂಬ ಗುಮಾನಿ ನನ್ನದು. ತಪ್ಪಾಗಿದ್ದರೆ ತಿದ್ದಿ, ಸಂತೋಷ.

ಹೋದ ತಿಂಗಳ ಆಟದ ದಿನ ಮಧ್ಯಾಹ್ನ ಮೂರಕ್ಕೇ ಸೂಜಿಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಓಣಿಯ ಬಾಯಲ್ಲಿ ಕುಳಿತೆ. ಒಂದಾದ ಮೇಲೊಂದು ನಾಲ್ಕು ಕಾರು ಸಿಕ್ಕವು, ನಾಲ್ಕನ್ನೂ ನಾನೇ ರದ್ದುಮಾಡಿದೆ. ಐದು ಗಂಟೆಗೆ ರಾವಣನ ಪಾತ್ರದ ವಿರೋತ್ ಫೋನ್ ಮಾಡಿದ.

"ಅಕ್ಕಾ, ಎಲ್ಲಿದ್ದೀರಾ? ಬರೀ ಚಡ್ಡೀಲಿ ನಿಂತಿದ್ದೀನಿ! ಲಂಕೆ ಅರಸ ಹೀಗೇ ಯುದ್ಧಕ್ಕೆ ಹೋಗ್ಲಾ?"

"ಬಂದೆ ಕಣೋ, ಓಣಿ ಬಾಯಲ್ಲಿದ್ದೀನಿ," ಎಂದೆ. ಅದು ನಿಜವೇ ಆಗಿತ್ತು.

ನಾನು ಮುಟ್ಟಲೇ ಇಲ್ಲ. ಕೊನೆಗೆ ಯಾರೋ ಪಿನ್ನು ಚುಚ್ಚಿ ಅಂಗಿ ನಿಲ್ಲಿಸಿದರಂತೆ. ಯುದ್ಧದಲ್ಲಿ ರಾಮ ರಾವಣನ ತೊಡೆಯ ಮೇಲೆ ಕಾಲಿಟ್ಟು ಏರಿದಾಗ ಪಿನ್ನು ಬಿಚ್ಚಿಕೊಂಡು ಸೊಂಟಕ್ಕೆ ನಾಟಿತು. ಖೋನ್‌ನಲ್ಲಿ ಮುಖವಾಡ ತೊಟ್ಟವರು ಬಾಯಿ ಬಿಡುವಂತಿಲ್ಲ. ನಮ್ಮ ರಾವಣ "ಅಯ್ಯಮ್ಮಾ!" ಎಂದುಬಿಟ್ಟ. ಸಭೆ ಗೊಳ್ಳೆಂದಿತು. ಬೇರೆಯವರ ಮಾತಾಗಿದ್ದರೆ ನಾನೂ ನಗುತ್ತಿದ್ದೆ. ಅಂದು ಕುರ್ಚಿಯಲ್ಲೇ ಮುಖ ಮುಚ್ಚಿಕೊಂಡು ಅತ್ತೆ.

ಮರುದಿನ ತಂಡದ ಗುರುಗಳಾದ ಚಲೂಯ್ ಮೇಡಂ ಚಕ್ಕೋತ ಹಣ್ಣು ಹಿಡಿದು ಮನೆಗೆ ಬಂದರು. "ನಿಮಗೆ ಓಡಾಟ ಕಷ್ಟ ಅಲ್ವಾ ಅಕ್ಕಾ? ಇನ್ಮೇಲೆ ಮನೇಲೇ ಮಣಿ ಪೋಣಿಸ್ಕೊಂಡು ಆರಾಮಾಗಿರಿ. ನಿಮಗೇ ಹಾಗನ್ಸಿದ್ರೆ ಮಾತ್ರ," ಎಂದರು. ನನ್ನ ಬಾಯಿಗೆ ಅದೇ ಹಾಳು 'ಪರವಾಗಿಲ್ಲ' ಬಂತು. ಅವರು ಬಾಗಿಲು ದಾಟಿದ ಮೇಲೆ ತಿಳಿಯಿತು, ಮೂವತ್ತು ವರ್ಷದ ಕೆಲಸವನ್ನೂ ನನ್ನ ಕೈಯಿಂದಲೇ ರದ್ದುಮಾಡಿಸುತ್ತಿದ್ದಾರೆಂದು. ನಾಚಿಕೆ ಬಿಟ್ಟು ಫೋನ್ ಮಾಡಿ ಇನ್ನೊಂದು ಅವಕಾಶ ಬೇಡಿದೆ. "ಸರಿ, ಇದೊಂದು ಸಲ," ಎಂದಿದ್ದಾರೆ. ಆಟ ಮುಂದಿನ ತಿಂಗಳ ಮೊದಲ ಶನಿವಾರ. ನಿಮ್ಮ ಸೇವೆ ಮುಗಿಯುವುದು ಅದಕ್ಕೂ ಮುಂಚೆ.

ಆದ್ದರಿಂದ ನನ್ನ ಆಗ್ರಹವಿಷ್ಟು. ಸಂದೇಶಗಳನ್ನು ತರಿಸಿ ಓದಿ. ನೀಲಿ ಚೀಟಿಯ ಕಾರುಗಳ ಡಿಕ್ಕಿ ತೆರೆಸಿ. ಚಾಲಕ ಒಲ್ಲೆ ಎಂದಿದ್ದನ್ನು ಚಾಲಕನ ಹೆಸರಿನಲ್ಲೇ ಬರೆಸಿ. ಅಲ್ಲಿಯವರೆಗೆ ಸೇವೆ ನಿಲ್ಲಿಸುವ ಆದೇಶ ಹಿಂದಕ್ಕೆ ಹೋಗಲಿ. ಆಮೇಲೂ ನಂಬಿಕೆ ಬಾರದಿದ್ದರೆ ಆ ಶನಿವಾರ ಮೂರು ಗಂಟೆಗೆ ನಮ್ಮ ಓಣಿಯ ಬಾಯಿಗೆ ಬಂದು, ನಿಮ್ಮ ಫೋನಿನಿಂದಲೇ ಗಾಲಿಕುರ್ಚಿಯ ಗುರುತು ಒತ್ತಿ, ನನ್ನ ಪಕ್ಕದಲ್ಲಿ ಕಾಯಿರಿ. ಕೂರಲು ಸ್ಟೂಲು ನಾನು ಕೊಡುತ್ತೇನೆ.

ನಾನಂತೂ ಇನ್ನು ಯಾರ ಅಂಕಕ್ಕಾಗಿಯೂ ಆ ಗುಂಡಿ ಒತ್ತುವುದಿಲ್ಲ. ತಪ್ಪು ತಿಳ್ಕೋಬೇಡಿ ಸಾಹೇಬರೇ, ಆ ಆದೇಶಾನ ಸ್ವಲ್ಪ ನೀವೇ ಕ್ಯಾನ್ಸಲ್ ಮಾಡಿಬಿಡ್ತೀರಾ? ನೀವು ಮಾಡದಿದ್ರೆ ನನ್ನ ಕೆಲಸ ಹೋಗತ್ತೆ.

ಇಂತಿ,
ಸ್ವಇಚ್ಛೆಯಿಂದ ಮನೆಯಲ್ಲುಳಿದವಳೆಂದು ನಿಮ್ಮ ಕಡತದಲ್ಲಿರುವ,
ಲಮ್ಯೊಂಗ್,
ಓಣಿಯ ಬಾಯಿಂದ