ನಮ್ಮ ಬಸವನಹುಳುವನ್ನು ಬಲಕ್ಕೆ ತಿರುಗಿಸಿದವರಿಗೆ

ಜೀವವಿಕಾಸ ಪತ್ರಿಕೆಯ ಮಾನ್ಯ ಸಂಪಾದಕರೇ,

ನಮ್ಮ ಬಸವನಹುಳುಗಳು ಎಡಚ. ನೀವು ಅವನ್ನು ಬಲಕ್ಕೆ ತಿರುಗಿಸಿ ಅಚ್ಚು ಹಾಕಿದಿರಿ. ಈಗ, ಅವು ಎಡಚ ಅಲ್ಲವೇ ಅಲ್ಲ, ಲೇಖನ ಹಿಂತೆಗೆದುಕೊಳ್ಳಿ ಎಂದು ನಮಗೇ ಬರೆದಿದ್ದೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತು ಕೇಳಿದ್ದೆ, ಬಸವನಹುಳುವಿಗೂ ಬರೆ ಹಾಕುತ್ತಾರೆಂದು ಗೊತ್ತಿರಲಿಲ್ಲ.

ತಮ್ಮ ಘನ ಕಚೇರಿ ಮರೆತಿರಬಹುದಾದ್ದರಿಂದ ವಿಷಯ ನೆನಪಿಸುತ್ತೇನೆ. ಬಸವನಹುಳುವಿನ ಚಿಪ್ಪು ಸಾಮಾನ್ಯವಾಗಿ ಬಲಕ್ಕೆ ಸುತ್ತಿಕೊಂಡಿರುತ್ತದೆ. ನನ್ನ ಶಿಷ್ಯೆ ಹಳೆಯ ನೀರಿನ ತೊಟ್ಟಿಯ ಹಿಂದಿನ ಪಾಚಿಗೋಡೆಗೆ ಮೂಗು ಹಚ್ಚಿ ಕೂತು, ಎಡಕ್ಕೆ ಸುತ್ತಿಕೊಂಡವುಗಳ ಒಂದು ಇಡೀ ಬಳಗವನ್ನೇ ಪತ್ತೆ ಹಚ್ಚಿದಳು. ಇವು ಬಲಕ್ಕೆ ಸುತ್ತಿದವುಗಳೊಂದಿಗೆ ಸಂಸಾರ ಹೂಡಲಾರವು, ಮೈಯ ಜೋಡಣೆಯೇ ಹೊಂದುವುದಿಲ್ಲ. ಹೀಗೆ ನಂಟು ಕಡಿದುಕೊಂಡವು ಕಾಲಾಂತರದಲ್ಲಿ ಬೇರೆ ಪ್ರಭೇದವೇ ಆಗಬಹುದು ಎಂಬುದು ಅವಳ ಲೇಖನದ ಸಾರ. ತಮ್ಮ ಪರಿಶೀಲಕರು ಬಸವನಹುಳುವಿಗೇ ನಾಚಿಕೆಯಾಗುವ ವೇಗದಲ್ಲಿ ಅದನ್ನು ಓದಿ ಒಪ್ಪಿದರು. ತಿದ್ದಿಕೊಡಲು ನಮಗೆ ಬಂದ ಕರಡಚ್ಚಿನಲ್ಲಿ ಚಿತ್ರದ ಜಾಗ ಖಾಲಿ ಇತ್ತು, ಪತ್ರಿಕೆ ಕೈಗೆ ಬರುವವರೆಗೆ ಚಿತ್ರವನ್ನು ನಾವು ನೋಡಲೇ ಇಲ್ಲ.

ಲೇಖನ ಪ್ರಕಟವಾದ ವಾರದಲ್ಲೇ ಯಾರೋ ವಿದ್ವಾಂಸರು ಆಕ್ಷೇಪ ಎತ್ತಿದರು: ಚಿತ್ರದಲ್ಲಿರುವುದು ಬಲಕ್ಕೆ ಸುತ್ತಿದ ಮಾಮೂಲಿ ಹುಳು! ನೋಡಿದರೆ ಹೌದು. ತಮ್ಮ ಚಿತ್ರವಿಭಾಗಕ್ಕೆ ಫೋನು ಮಾಡಿದೆ. ಅಲ್ಲಿಯ ಸಜ್ಜನರೊಬ್ಬರು ಬಹಳ ಸಂತೋಷದಿಂದ ಹೇಳಿದರು:

"ಓ ಅದಾ ಮೇಡಂ! ಎಲ್ಲರ ಹುಳಾನೂ ಬಲಕ್ಕೇ ಇತ್ತು, ನಿಮ್ಮದೊಂದೇ ಉಲ್ಟಾ ಬಂದಿತ್ತು. ಪಾಪ, ಫೋಟೋ ತಿರುವುಮುರುವಾಗಿದೆ ಅಂತ ನಾನೇ ಸರಿ ಮಾಡ್ದೆ."

"ಅಯ್ಯೋ ಮಾರಾಯ, ಉಲ್ಟಾ ಇದೆ ಅಂತಾನೇ ಅಲ್ವೇನಪ್ಪಾ ನಾವು ಲೇಖನ ಬರೆದದ್ದು!"

"ಹೌದಾ? ನಾವು ಚಿತ್ರ ಮಾತ್ರ ನೋಡೋದು ಮೇಡಂ. ಓದೋದು ಬೇರೆ ವಿಭಾಗ."

ಆ ಓದುವ ವಿಭಾಗ ಯಾವ ಮಹಡಿಯಲ್ಲಿದೆ ಸ್ವಾಮೀ? ಇದ್ದರೆ ಈ ಪತ್ರವನ್ನು ಅಲ್ಲಿಗೆ ಕಳಿಸಿಕೊಡಿ.

ಇಂಥ ತಿದ್ದುಪಡಿ ನನಗೆ ಹೊಸದಲ್ಲ. ನಾನೂ ಹುಟ್ಟಾ ಎಡಚಿ. ಚಿಕ್ಕವಳಿದ್ದಾಗ ನಮ್ಮ ಸೋದರತ್ತೆ ಪಕ್ಕದಲ್ಲೇ ಕೂತು, "ಈ ಕೈ ಪುಟ್ಟಿ, ಈ ಕೈ" ಎನ್ನುತ್ತ ಪೆನ್ಸಿಲನ್ನು ಬಲಗೈಗೆ ದಾಟಿಸುತ್ತಿದ್ದರು. ಪ್ರೀತಿಯಿಂದಲೇ ತಿದ್ದಿದರು. ಪರಿಣಾಮವಾಗಿ ನನ್ನ ಬಲಗೈ ಅಕ್ಷರ ಇಂದಿಗೂ ಕಾಗೆ ಕಾಲು ಗುಬ್ಬಿ ಕಾಲು. ಆದರೆ ಅತ್ತೆಯವರು ಒಂದು ಉಪಕಾರ ಮಾಡಿದ್ದರು: ನಾನು ಎಡಚಿಯೇ ಅಲ್ಲ, ಸುಳ್ಳು ಹೇಳುತ್ತಿದ್ದೇನೆ ಎಂದು ಆಮೇಲೆ ಊರಿಗೆಲ್ಲ ಸಾರಲಿಲ್ಲ. ತಾವು ಅವರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದೀರಿ.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ತಮ್ಮ ಪತ್ರದ ಪ್ರತಿ ನಮ್ಮ ವಿಶ್ವವಿದ್ಯಾಲಯಕ್ಕೂ ಹೋಗಿ, ನನ್ನ ಶಿಷ್ಯೆಯ ಪಿಎಚ್.ಡಿ. ಅಲ್ಲೇ ನಿಂತಿದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೆಸರಾದದ್ದು ಅವಳ ಕೈ, ಈಗ ತಾವು ಅದೇ ಕೆಸರನ್ನು ಅವಳ ಮುಖಕ್ಕೆ ಎರಚುತ್ತಿದ್ದೀರಿ. ನಿನ್ನೆ ಪ್ರಯೋಗಾಲಯದಲ್ಲಿ ಗಾಜಿನ ತೊಟ್ಟಿ ತೊಳೆಯುತ್ತ, ತಲೆ ಎತ್ತದೆ ಹೇಳಿದಳು: "ಹೋಗ್ಲಿ ಬಿಡಿ ಮೇಡಂ. ಮೊದಲಿಂದ ಮಾಡ್ತೀನಿ. ಈ ಸಲ ಬಲಕ್ಕೆ ಸುತ್ತಿರೋದನ್ನೇ ಹುಡುಕ್ತೀನಿ, ಯಾರಿಗೂ ತೊಂದರೆ ಇರಲ್ಲ."

ಕಣ್ಣಾರೆ ಕಂಡದ್ದನ್ನು ಬಿಟ್ಟು ಎಲ್ಲರಿಗೂ ಒಪ್ಪುವುದನ್ನು ಹುಡುಕುತ್ತೇನೆ ಎಂದು ಒಬ್ಬ ವಿಜ್ಞಾನಿಯ ಬಾಯಲ್ಲಿ ಹೇಳಿಸಿದ್ದೀರಲ್ಲ, ಇದಕ್ಕೆ ತಮ್ಮಲ್ಲಿ ಯಾವ ವಿಭಾಗವಿದೆ?

ನಾವು ಕಳಿಸಿದ ಮೂಲಚಿತ್ರ ತಮ್ಮ ಕಚೇರಿಯಲ್ಲೇ ಇದೆ. ಮುಂದಿನ ಸಂಚಿಕೆಯಲ್ಲಿ ಅದನ್ನು ಇದ್ದ ಹಾಗೇ ಹಾಕಿ. ಕೆಳಗೆ "ತಪ್ಪು ನಮ್ಮದು, ಲೇಖಕಿಯದಲ್ಲ" ಎಂದು ಅಚ್ಚು ಮಾಡಿ. ಅದರ ಪ್ರತಿಯನ್ನು ವಿಶ್ವವಿದ್ಯಾಲಯಕ್ಕೂ ಕಳಿಸಿ. ಅನುಮಾನವಿದ್ದರೆ ಖುದ್ದಾಗಿ ಬನ್ನಿ. ಹುಳುಗಳು ಗೋಡೆಯ ಮೇಲೇ ಇವೆ, ಓಡಿಹೋಗುವ ಜಾತಿಯವಲ್ಲ.

ಇಂತಿ,
ಎಷ್ಟೋ ವರ್ಷಗಳ ನಂತರ ಎಡಗೈಯಲ್ಲಿ ಸಹಿ ಹಾಕುತ್ತಿರುವ,
ಬಸವನಹುಳುಗಳ ಮೇಷ್ಟ್ರಮ್ಮ

(ಸಹಿ ಎಡಕ್ಕೆ ವಾಲಿದೆ. ದಯವಿಟ್ಟು ಸರಿ ಮಾಡಬೇಡಿ.)