ಹುಂಜವನ್ನು ವಾಪಸ್ ಕರೆತನ್ನಿ

ಸಾಗರ

ಕೆರಿಯಮ್ಮನವರಿಗೆ ನಮಸ್ಕಾರ.

ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಪತ್ರ. ಬೆಳಗಿನ ಆನ್‌ಲೈನ್ ಪಾಠಕ್ಕೆ ನಿಮ್ಮ ಹುಂಜದಿಂದ ತೊಂದರೆ ಎಂದು ದೂರಿದವಳು ನಾನೇ. "ಕೋಳಿ ಕೂಗ್ದೆ ಇನ್ನೇನ್ ಮಾಡುತ್ತೆ" ಎಂದು ನೀವು ಸಿಟ್ಟಾಗಿ ಅದನ್ನು ಹೊಸನಗರದ ಮಗಳ ಮನೆಗೆ ಕೊಂಡೊಯ್ದಿರಿ.

ನನ್ನ ಹತ್ತಿರ ಇಂಗ್ಲಿಷ್ ಕಲಿಯುವ ಚೀನಾದ ಲಿನ್ ಅಜ್ಜ ವ್ಯಾಕರಣ ತಪ್ಪಿಲ್ಲದೆ ಬರೆಯುತ್ತಾರೆ, ಸಂಭಾಷಣೆಗೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ನೀವು ಹೊರಡುವ ಹಿಂದಿನ ದಿನ ಹುಂಜ ಕೂಗಿದ್ದು ಕೇಳಿ ನಕ್ಕುಬಿಟ್ಟರು. "ನಿಮ್ಮ ಹುಂಜ ಸೋಮಾರಿ. ಇಲ್ಲಿ ಬೆಳಗಾಗಿ ಎಷ್ಟು ಹೊತ್ತಾಯಿತು" ಎಂದರು, ಇಂಗ್ಲಿಷಿನಲ್ಲೇ. ಈಗ ದಿನಾ ಅದರ ಕ್ಷೇಮ ಕೇಳಿಯೇ ಪಾಠಕ್ಕೆ ಕೂರುತ್ತಾರೆ. ನೆಂಟರ ಮನೆಗೆ ಹೋಗಿದೆ ಎಂದಿದ್ದೇನೆ.

ಬರುವಾಗ ಅದನ್ನೂ ಕರೆತನ್ನಿ. ಅಳಿಯಂದಿರ ಊಟಕ್ಕೆ ಬೇರೆ ಕೋಳಿ ನಾನೇ ಕಳಿಸುತ್ತೇನೆ. ಪಾಠದ ಹೊತ್ತಿಗೆ ಹಿತ್ತಲ ಕಿಟಕಿ ತೆರೆದೇ ಇಟ್ಟಿರುತ್ತೇನೆ.

ನಿಮ್ಮ ಮಹಡಿ ಮನೆಯ
ಚೈತನ್ಯಾ