ಕಲೀನಾ ಹಣ್ಣಿನ ಬೆರಳಚ್ಚು

ಅಪ್ಪಾ,

ಇವತ್ತು ನಮ್ಮೂರು ಪೆತ್ರಿಕಿವ್ಕಾದಲ್ಲಿ ನಿನ್ನ ಹೆಸರಿನ ಮ್ಯೂಸಿಯಂ ತೆರೆದರು. ಸತ್ತರೂ ನಿನ್ನ ಚಪ್ಪಾಳೆಯ ಹಸಿವು ತೀರಿರಲಿಲ್ಲ, ಊರವರು ಹೊಟ್ಟೆ ತುಂಬ ಬಡಿಸಿದರು.

ವಿವರಣೆ ಕೊಡುವ ಹುಡುಗಿ ಜೊರ್ಯಾನಾ ಒಂದು ಹೂಬಳ್ಳಿಯ ಚಿತ್ರ ತೋರಿಸಿದಳು. "ಈ ಕಾಳಿನಷ್ಟು ಪುಟ್ಟ ಕೆಂಪು ಕಲೀನಾ ಹಣ್ಣುಗಳಿಗೆ ಕುಂಚ ಮುಟ್ಟಿಸಿಲ್ಲ. ಬೆರಳ ತುದಿಗೆ ಬಣ್ಣ ಹಚ್ಚಿ ಒತ್ತಿದ್ದು. ಗುರುಗಳ ಬೆರಳಿನ ಗೆರೆ ಈಗಲೂ ಕಾಣುತ್ತೆ ನೋಡಿ."

"ನಿಮ್ಮ ಗುರುಗಳ ಕೈ ನೋಡಿದ್ದೀಯೇನಮ್ಮ? ಒಂದೊಂದು ಬೆರಳೂ ಸೌತೆಕಾಯಿ ಇದ್ದಂಗಿತ್ತು," ಅಂದೆ. ಅವಳು ನಕ್ಕಳು. ಮುದುಕಿಗೆ ಅರಳುಮರಳು ಅಂದುಕೊಂಡಿರಬೇಕು.

ಆ ಪುಟ್ಟ ಹಣ್ಣೆಲ್ಲ ಅಮ್ಮನ ಬೆರಳು. ಬಳ್ಳಿ, ಹಕ್ಕಿ ಅವಳದು, ಬೆಕ್ಕಿನ ಕೂದಲಿನಿಂದ ಕುಂಚ ಕಟ್ಟಿದವಳೂ ಅವಳೇ. ನಿನ್ನದು ಮೂಲೆಯ ಸಹಿ. ಅದನ್ನು ಮಾತ್ರ ಬಹಳ ಶ್ರದ್ಧೆಯಿಂದ ಹಾಕುತ್ತಿದ್ದೆ.

ಹೊರಡುವಾಗ, ಕೋಟು ತೂಗುಹಾಕುವ ಗೋಡೆಯ ಮೇಲೆ ಹಲಗೆಯಲ್ಲಿ ಬರೆದ ಇನ್ನೊಂದು ಚಿತ್ರ ಕಂಡಿತು. ಸೊಟ್ಟ ಬಳ್ಳಿ, ಒಂದರ ಮೇಲೊಂದು ಬಿದ್ದ ದಪ್ಪ ದಪ್ಪ ಹಣ್ಣು.

"ಅದು ಬಿಡಿ, ಕೊನೆಗಾಲದ್ದು. ಕೈ ನಡುಗ್ತಿತ್ತಂತೆ," ಅಂದಳು ಜೊರ್ಯಾನಾ.

ಕೆಳಗಿನ ಇಸವಿ ನೋಡಿದೆ, ಅಮ್ಮನನ್ನು ಮಣ್ಣು ಮಾಡಿದ ವರ್ಷದ್ದು ಅದು. ಮೂಲೆಯಲ್ಲಿ ನಿನ್ನ ಸಹಿಯಿಲ್ಲ, 'ಯವ್ದೋಖಾ' ಅಂತ ಅಮ್ಮನ ಹೆಸರಿದೆ. ಈ ಜಾಣರು ಅದನ್ನು ಚಿತ್ರದ ಹೆಸರು ಅಂದುಕೊಂಡಿದ್ದಾರೆ. ನಿನ್ನ ಕೈಯಿಂದ ಬಂದದ್ದು ಒಂದೇ ಒಂದು ಚಿತ್ರ, ಅದೂ ಇಷ್ಟು ಕೆಟ್ಟದ್ದು.

ಆ ಚಳಿಗಾಲ ನೀನು ಒಂದು ಹಲಗೆಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ನನ್ನ ಮನೆಗೆ ಬಂದಿದ್ದೆ. ನಾನು ಕಿಟಕಿಯಿಂದ ನೋಡಿದೆ. ಅಮ್ಮನ ಇನ್ನೊಂದು ಚಿತ್ರಕ್ಕೆ ಸಹಿ ಹಾಕಿ ತಂದಿದ್ದೀಯ ಅಂದುಕೊಂಡು ಬಾಗಿಲು ತೆಗೆಯಲಿಲ್ಲ.